ರಸ್ತೆಯಿಲ್ಲದ ಠಾಣೆ: 1959ರ ಲೋಂಗ್ಜು ಮತ್ತು ನಮ್ಮ ತಿಮ್ಮಯ್ಯನವರ ರಾಜೀನಾಮೆ

ಮಡಿಕೇರಿಯ ಸನ್ನಿಸೈಡ್ ಮನೆಗೆ ಯಾರನ್ನೇ ಕರೆದುಕೊಂಡು ಹೋಗಲಿ, ಒಂದು ಪ್ರಶ್ನೆ ಬಂದೇ ಬರುತ್ತದೆ. ಮೊನ್ನೆಯೂ ಬಂತು. ಸೈನ್ಯ ಸೇರಬೇಕು ಅಂತ ಓದುತ್ತಿರುವ ಎಂಟು ಮಕ್ಕಳಿಗೆ ಭಾನುವಾರ ಭಾನುವಾರ ಪಾಠ ಹೇಳಿಕೊಡುತ್ತೇನೆ. ಅವರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಹೋಗಿದ್ದೆ. ಅದು 1957ರಿಂದ 1961ರವರೆಗೆ ಭಾರತದ ಸೇನಾ ಮುಖ್ಯಸ್ಥರಾಗಿದ್ದ ಅವರ ಮನೆತನದ ಮನೆ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ್ದರು. ಒಳಗೆ ಸುತ್ತಾಡಿ ಹೊರಗೆ ಬಂದ ಮೇಲೆ ಸೋಮವಾರಪೇಟೆ ಕಡೆಯ ಒಬ್ಬಳು ಹುಡುಗಿ ಕೇಳಿದಳು: "ಅಷ್ಟು ದೊಡ್ಡ ಜನರಲ್ ರಾಜೀನಾಮೆ ಕೊಟ್ಟು ಅದೇ ದಿನ ವಾಪಸ್ ಯಾಕೆ ತಗೊಂಡ್ರು ಸಾರ್?"

ಇದಕ್ಕೆ ನಮ್ಮೂರಲ್ಲಿ ಒಂದು ಸಿದ್ಧ ಉತ್ತರ ಇದೆ. ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ತಿಮ್ಮಯ್ಯನವರಿಗೆ ಅವಮಾನ ಮಾಡಿದರು, ನೆಹರೂ ಸಮಾಧಾನ ಮಾಡಿ ಪತ್ರ ವಾಪಸ್ ಪಡೆಸಿದರು, ಆಮೇಲೆ ಕೈಕೊಟ್ಟರು. ನಾನೂ ಇಪ್ಪತ್ತು ವರ್ಷ ಇದನ್ನೇ ಹೇಳಿಕೊಂಡು ಬಂದವನು. ಅದು ಸುಳ್ಳಲ್ಲ, ಆದರೆ ಅರ್ಧ ಕತೆ. ಇನ್ನರ್ಧ ದೆಹಲಿಯಲ್ಲಿ ನಡೆದದ್ದೇ ಅಲ್ಲ. ಈಗಿನ ಅರುಣಾಚಲ ಪ್ರದೇಶದ ಅಪ್ಪರ್ ಸುಬನ್ಸಿರಿಯಲ್ಲಿ, ಲೋಂಗ್ಜು ಎಂಬ ಒಂದು ಪುಟ್ಟ ಕಾವಲು ಠಾಣೆಯಲ್ಲಿ ನಡೆದದ್ದು. ರಾಜೀನಾಮೆ ಬರುವುದಕ್ಕೆ ಬರೀ ಆರು ದಿನ ಮುಂಚೆ. ಈ ಎರಡನ್ನೂ ಜೋಡಿಸಿ ನೋಡದೆ ಹೋದರೆ 1962ರ ಚೀನಾ ಯುದ್ಧ ಕೂಡ ಸರಿಯಾಗಿ ಅರ್ಥ ಆಗುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಗೆರೆ ಎಲ್ಲಿತ್ತು

ಕೊಡಗಿನಲ್ಲಿ ಜಾಗದ ತಕರಾರು ನೋಡದ ಮನೆ ಇಲ್ಲ. ಸರ್ವೆ ನಕ್ಷೆಯಲ್ಲಿ ಗಡಿ ಅಂದರೆ ತೋಡು ಅಂತ ಇರುತ್ತದೆ. ತೋಡು ಮಳೆಗಾಲದಲ್ಲಿ ದಾರಿ ಬದಲಿಸಿರುತ್ತದೆ. ಇವರು ಹಳೇ ತೋಡು ಅಂತಾರೆ, ಅವರು ಹೊಸ ತೋಡು ಅಂತಾರೆ. ಮಧ್ಯೆ ಇರುವ ಹತ್ತು ಸೆಂಟ್ ಬಾಣೆಗಾಗಿ ಎರಡು ತಲೆಮಾರು ಮಾತು ಬಿಟ್ಟಿರುತ್ತಾರೆ.

ಹಿಮಾಲಯದ ಪೂರ್ವ ಗಡಿಯದೂ ಹೆಚ್ಚು ಕಡಿಮೆ ಇದೇ ಕತೆ, ಅಳತೆ ಮಾತ್ರ ಭಯಂಕರ ದೊಡ್ಡದು. 1914ರಲ್ಲಿ ಶಿಮ್ಲಾ ಸಮ್ಮೇಳನದ ಹೊತ್ತಿಗೆ ಬ್ರಿಟಿಷ್ ಇಂಡಿಯಾ ಮತ್ತು ಟಿಬೆಟ್ ಪ್ರತಿನಿಧಿಗಳು ಒಪ್ಪಿಕೊಂಡ ಮ್ಯಾಕ್‌ಮಹೋನ್ ಗೆರೆಯನ್ನು ಒಂದು ಅಂಗುಲಕ್ಕೆ 8 ಮೈಲಿ ಲೆಕ್ಕದ ನಕ್ಷೆಯಲ್ಲಿ ಎಳೆದಿದ್ದರು. ಅಂಥ ನಕ್ಷೆಯಲ್ಲಿ ಗೆರೆ ಒಂದು ಅಂಗುಲದ ಹದಿನಾರನೇ ಒಂದು ಭಾಗ ದಪ್ಪ ಇದ್ದರೂ ನೆಲದ ಮೇಲೆ ಅದು ಅರ್ಧ ಮೈಲಿ ಅಗಲ. ಆ ಅರ್ಧ ಮೈಲಿಯೊಳಗೆ ಒಂದು ಇಡೀ ಹಳ್ಳಿ, ಅದರ ಗದ್ದೆ, ಎಲ್ಲವೂ ಹಿಡಿಯುತ್ತದೆ. ಸಾಲದ್ದಕ್ಕೆ ಚೀನಾ ಆ ಒಪ್ಪಂದವನ್ನೇ ಒಪ್ಪಲಿಲ್ಲ. ಭಾರತ ಹೇಳಿದ್ದು, ಬೆಟ್ಟದ ನೆತ್ತಿಯೇ ಗಡಿ, ನೀರು ಯಾವ ಕಡೆ ಹರಿಯುತ್ತದೋ ಆ ಕಡೆಯ ನೆಲ ಅವರದು. ತಾತ್ವಿಕವಾಗಿ ಸರಿ. ಆದರೆ ಸುಬನ್ಸಿರಿ ಕಡೆ ಟಿಬೆಟಿನ ಮಿಗ್ಯಿತುನ್ ಹಳ್ಳಿಯ ಹತ್ತಿರ ನಕ್ಷೆ ಹೇಳುವುದೂ ಬೆಟ್ಟ ಹೇಳುವುದೂ ಒಂದಕ್ಕೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಅದೇ ಜಾಗದ ತುಸು ದಕ್ಷಿಣಕ್ಕೆ ಲೋಂಗ್ಜು.

ಪಶ್ಚಿಮದಲ್ಲಿ ಇನ್ನೊಂದು ಸಂಗತಿ ಆಗಿಬಿಟ್ಟಿತ್ತು. ಚೀನಾ ಸಿಂಕಿಯಾಂಗಿನಿಂದ ಟಿಬೆಟಿಗೆ ಲಡಾಖ್‌ನ ಅಕ್ಸಾಯ್ ಚಿನ್ ಮೂಲಕವೇ ರಸ್ತೆ ಹಾಕಿ 1957ರಲ್ಲಿ ಮುಗಿಸಿತ್ತು. ನಮ್ಮವರು ನೋಡಿ ಬರಲು 1958ರಲ್ಲಿ ತಂಡ ಕಳಿಸಿದರೆ ಅದರಲ್ಲಿ ಒಂದು ತಂಡವನ್ನು ಅವರು ಹಿಡಿದು ಇಟ್ಟುಕೊಂಡರು. ಈ ವಿಷಯ ಸಂಸತ್ತಿಗೆ ಗೊತ್ತಾದದ್ದು 1959ರ ಆಗಸ್ಟ್ ಕೊನೆಗೆ. ಅದೇ ವರ್ಷ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದಿದ್ದರು. ಟಿಬೆಟಿನಿಂದ ಜನ ತಪ್ಪಿಸಿಕೊಂಡು ಬರುವ ದಾರಿಗಳನ್ನು ಮುಚ್ಚಲು ಚೀನಾ ಸೈನಿಕರು ಗಡಿಯವರೆಗೂ ಬಂದು ಕೂತರು. ನಾವೂ ನಮ್ಮ ನೆಲ ಅಂತ ತೋರಿಸಲು ಠಾಣೆಗಳನ್ನು ಇನ್ನೂ ಮುಂದಕ್ಕೆ ಇಟ್ಟೆವು. ಅಲ್ಲಿಯವರೆಗೆ ಖಾಲಿ ಇದ್ದ ಬೆಟ್ಟದಲ್ಲಿ ಎರಡೂ ಕಡೆಯವರು ಒಮ್ಮೆಲೇ ಎದುರಾದರು.

ಆಗಸ್ಟ್ 25

ಲೋಂಗ್ಜುವಿನಲ್ಲಿ ಇದ್ದದ್ದು ಸೇನೆ ಅಲ್ಲ, ಅಸ್ಸಾಂ ರೈಫಲ್ಸ್ ಅನ್ನುವ ಅರೆಸೇನಾ ಪಡೆ. ಇದನ್ನು ಜ್ಞಾಪಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಗ ಆ ಇಡೀ ಪ್ರದೇಶವನ್ನು ನೆಫಾ (ನಾರ್ತ್ ಈಸ್ಟ್ ಫ್ರಾಂಟಿಯರ್ ಏಜೆನ್ಸಿ) ಅನ್ನುತ್ತಿದ್ದರು. ಅದರ ಆಡಳಿತವೂ ಅಸ್ಸಾಂ ರೈಫಲ್ಸೂ ಎರಡೂ ವಿದೇಶಾಂಗ ಇಲಾಖೆಯ ಕೈಕೆಳಗೆ ಇದ್ದವು. ಅಂದರೆ ಠಾಣೆ ಎಲ್ಲಿಡಬೇಕು ಅಂತ ತೀರ್ಮಾನ ಮಾಡುವವರಲ್ಲಿ ಸೇನಾ ಮುಖ್ಯಸ್ಥರು ಇರಲಿಲ್ಲ. ಆ ಮುಖ್ಯಸ್ಥರು 1957ರ ಮೇ ತಿಂಗಳಿಂದ ನಮ್ಮ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

1959ರ ಆಗಸ್ಟ್ 25ರಂದು ಚೀನಾ ಸೈನಿಕರು ಲೋಂಗ್ಜುವಿನ ಮುಂದಿನ ಹನ್ನೆರಡು ಜನರ ಸಣ್ಣ ಕಾವಲು ತಂಡವನ್ನು ಸುತ್ತುವರಿದು ಗುಂಡು ಹಾರಿಸಿದರು. ನಮ್ಮ ಕಡೆ ಸಾವಾಯಿತು, ಕೆಲವರು ಸೆರೆಯಾದರು. ಮರುದಿನ ಮುಖ್ಯ ಠಾಣೆಯ ಮೇಲೇ ಒತ್ತಡ ಬಂತು. ಉಳಿದವರು ಠಾಣೆ ಬಿಟ್ಟು ಹಿಂದಕ್ಕೆ ನಡೆದರು. ಮೊದಲು ಗುಂಡು ಹಾರಿಸಿದ್ದು ಭಾರತದವರು ಅಂತ ಚೀನಾ ಹೇಳಿತು, ನಾವು ಅವರು ಅಂದೆವು. ಇದು ಇಂಥ ಎಲ್ಲ ಗಡಿಯಲ್ಲೂ ನಡೆಯುವ ಮಾತೇ.

ಆಗಸ್ಟ್ 28ರಂದು ನೆಹರೂ ಲೋಕಸಭೆಯಲ್ಲಿ ಇದನ್ನು ತಿಳಿಸಿದರು. ಅಲ್ಲಿ ಅವರು ಹೇಳಿದ ಒಂದು ವಿವರ ನನಗೆ ಇಡೀ ಪ್ರಕರಣದ ಬೀಗದ ಕೈ ಅನ್ನಿಸುತ್ತದೆ. ಲೋಂಗ್ಜುವಿನಿಂದ ಹಿಂದಿನ ಠಾಣೆ ಲಿಮೆಕಿಂಗ್‌ಗೆ ಐದು ದಿನದ ನಡಿಗೆ. ಲಿಮೆಕಿಂಗ್‌ನಿಂದ ಅದರ ಹಿಂದಿನ ಜಾಗಕ್ಕೆ ಹನ್ನೆರಡು ದಿನ. ಒಟ್ಟಾರೆ ರಸ್ತೆ ಮುಗಿಯುವ ಕಡೆಯಿಂದ ಸುಮಾರು ಮೂರು ವಾರ. ಇದನ್ನು ಪ್ರಧಾನಿ ಆ ಪ್ರದೇಶ ಎಷ್ಟು ದುರ್ಗಮ ಅಂತ ತೋರಿಸಲು ಹೇಳಿದರು. ಅದೇ ದಿನ, ನೆಫಾ ಗಡಿಯನ್ನು ಇನ್ನು ಮುಂದೆ ನೇರವಾಗಿ ಸೇನೆಗೆ ಒಪ್ಪಿಸಲಾಗಿದೆ ಅಂತಲೂ ತಿಳಿಸಿದರು.

ಯೋಚನೆ ಮಾಡಿ. ಮೂರು ವಾರದ ನಡಿಗೆಯಷ್ಟು ದೂರದಲ್ಲಿ ಠಾಣೆ ಇಟ್ಟವರು ಬೇರೆ. ಅದು ಬಿದ್ದ ಮೂರನೇ ದಿನ ಅದನ್ನು ಕಾಯುವ ಹೊಣೆ ಹೊತ್ತವರು ಬೇರೆ.

ಇಪ್ಪತ್ತೈದು ಕಾಫಿ ಹಣ್ಣು

ಮೂರು ವಾರದ ನಡಿಗೆ ಅಂದರೆ ನಿಜವಾಗಿ ಏನು ಅಂತ ನನಗೆ ತಿಳಿಸಿದವರು ನಮ್ಮ ಪಕ್ಕದ ತೋಟದ ಅಜ್ಜ. ಸೇನೆಗೆ ರಸ್ತೆ ಸೇತುವೆ ಕಟ್ಟಿಕೊಡುವ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು, ಅರುಣಾಚಲದಲ್ಲಿ ಎರಡು ಸಲ ಇದ್ದು ಬಂದವರು. ಜನವರಿಯಲ್ಲಿ ಅವರ ಕಣದಲ್ಲಿ ರೊಬಸ್ಟಾ ಹರಡಿತ್ತು. ನಾನು ಈ ಲೋಂಗ್ಜು ವಿಷಯ ತೆಗೆದೆ. ಅಜ್ಜ ಕೈಯಲ್ಲಿದ್ದ ಕುಂಟೆಯನ್ನು ಗೋಡೆಗೆ ಒರಗಿಸಿ, ಕಣದಿಂದ ಒಂದು ಹಿಡಿ ಹಣ್ಣು ತೆಗೆದು ಜಗಲಿಯ ಮೇಲೆ ಒಂದೊಂದಾಗಿ ಎಣಿಸಿ ಇಟ್ಟರು. ಇಪ್ಪತ್ತೈದು.

"ನೋಡು ಮಗಾ, ಒಬ್ಬ ಹೊರೆಯಾಳು 25 ಕೆಜಿ ಹೊತ್ತ ಅಂತ ಇಟ್ಕೋ. ಆ ಬೆಟ್ಟದಲ್ಲಿ ಅದಕ್ಕಿಂತ ಜಾಸ್ತಿ ಹೊತ್ತರೆ ಮೂರನೇ ದಿನ ಮಲಗಿಬಿಡ್ತಾನೆ. ಅಕ್ಕಿ, ಬೇಳೆ, ಉಪ್ಪು ಎಲ್ಲ ಸೇರಿ ಅವನಿಗೇ ದಿನಕ್ಕೆ ಒಂದು ಕೆಜಿ ಹತ್ತಿರ ಬೇಕು. ದಾರಿಯಲ್ಲಿ ಅಂಗಡಿ ಇಲ್ಲ, ಊರೂ ಇಲ್ಲ ಅನ್ನುವಷ್ಟು ಕಡಿಮೆ."

ಒಂದೊಂದೇ ಹಣ್ಣು ತೆಗೆಯುತ್ತಾ ದಿನ ಎಣಿಸಿದರು. ಒಂದು, ಎರಡು, ಮೂರು. ಇಪ್ಪತ್ತೊಂದನೇ ದಿನ ಠಾಣೆ ತಲುಪಿದಾಗ ಜಗಲಿಯ ಮೇಲೆ ನಾಲ್ಕು ಹಣ್ಣು ಉಳಿದಿತ್ತು. ನಾಲ್ಕು ಕೆಜಿ. ಠಾಣೆಯಲ್ಲಿ ನಾಲ್ಕು ಜನಕ್ಕೆ ಒಂದು ದಿನದ ಊಟ.

"ಅವನು ವಾಪಸ್ ಬರಬೇಕಲ್ವಾ ಅಜ್ಜ?" ಅಂದೆ.

"ಅದನ್ನೇ ಹೇಳ್ತಿರೋದು. ವಾಪಸ್ ಬರೋದಕ್ಕೆ ಏನೂ ಉಳಿದಿಲ್ಲ." ಆ ನಾಲ್ಕು ಹಣ್ಣನ್ನೂ ಗುಡಿಸಿ ಕಣಕ್ಕೆ ಹಾಕಿದರು.

ಲೆಕ್ಕ ಹಿಂದೆ ಮಾಡಿ ನೋಡಿದರೆ ಹನ್ನೆರಡು ದಿನದ ನಡಿಗೆ ದಾಟಿತು ಅಂದರೆ ಹೋಗಿ ಬರುವ ಹೊರೆಯಾಳಿನಿಂದ ಠಾಣೆಗೆ ಒಂದು ಹಿಡಿ ಅಕ್ಕಿಯೂ ಉಳಿಯುವುದಿಲ್ಲ. ಅವನು ತನ್ನನ್ನೇ ಹೊತ್ತುಕೊಂಡು ಹೋಗಿ ಬಂದ ಹಾಗೆ. ಮದ್ದುಗುಂಡು, ಸೀಮೆಎಣ್ಣೆ, ಬ್ಯಾಟರಿ, ಕಂಬಳಿ ಇವುಗಳ ಮಾತೇ ಬೇಡ. ಹಾಗಾಗಿ ಇಂಥ ಠಾಣೆ ಬದುಕುವುದು ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಎಸೆಯುವ ಮೂಟೆಯಿಂದ ಮಾತ್ರ. ಮೋಡ ಮುಚ್ಚಿದರೆ ಅದೂ ಇಲ್ಲ. ಎಸೆದದ್ದರಲ್ಲಿ ಕಣಿವೆಗೆ ಉರುಳಿ ಹೋದದ್ದು ಹೋದ ಹಾಗೇ. ಆಚೆ ಕಡೆ ಟಿಬೆಟಿನ ಪ್ರಸ್ಥಭೂಮಿ. ಅಲ್ಲಿ ಗಡಿಯ ಕಡೆಗೆ ಬರುವುದು ಚೀನಾದವರಿಗೆ ಇಷ್ಟು ಕಷ್ಟ ಇರಲಿಲ್ಲ.

ಇದನ್ನು ಓದಿದಾಗ ನಮ್ಮವರಿಗೆ ನೆನಪಾಗುವುದು ತೋಟದ ಮೇಲಿನ ಬದಿಯ ಸೋಲಾರ್ ಬೇಲಿ. ಕಾಡಿನ ಅಂಚಿಗೆ ಬೇಲಿ ಹಾಕುವುದು ಸುಲಭ. ಅಲ್ಲಿಗೆ ನಡೆದು ಹೋಗುವ ದಾರಿ ಸವರಿರದಿದ್ದರೆ, ರಾತ್ರಿ ಆನೆ ಮರ ಬೀಳಿಸಿ ತಂತಿ ತುಳಿದದ್ದು ನಮಗೆ ಗೊತ್ತಾಗುವುದು ಬೆಳಿಗ್ಗೆ ಬಾಳೆ ಹೋದ ಮೇಲೆ.

ತಿಮ್ಮಯ್ಯನವರಿಗೆ ಇದು ಗೊತ್ತಿರಲಿಲ್ಲವಾ

ಚೆನ್ನಾಗಿ ಗೊತ್ತಿತ್ತು. ಭಾರತದಲ್ಲಿ ಆಗ ಇದನ್ನು ಅವರಷ್ಟು ಬಲ್ಲವರು ಕಡಿಮೆ.

1948ರಲ್ಲಿ ಕಾಶ್ಮೀರದಲ್ಲಿ ಅವರು 19ನೇ ಡಿವಿಷನ್ನಿನ ದಂಡನಾಯಕರು. ಲೇಹ್‌ಗೆ ಹೋಗುವ ದಾರಿಯನ್ನು ಜೋಜಿ ಲಾ ಕಣಿವೆಯಲ್ಲಿ ಶತ್ರುಗಳು ಮುಚ್ಚಿದ್ದರು. ಸುಮಾರು 11,500 ಅಡಿ ಎತ್ತರ. ಕಾಲಾಳು ದಾಳಿಗಳು ಸೋತವು. ಆಗ ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ತರುವ ತೀರ್ಮಾನ ಮಾಡಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಮೇಲಿನ ಗೋಪುರ ಬಿಚ್ಚಿ, ಗುಟ್ಟಾಗಿ ಜಮ್ಮುವಿನಿಂದ ತಂದರು. ನವೆಂಬರ್ 1ರಂದು ಅವು ಹಿಮದ ಮಧ್ಯೆ ಕಣಿವೆ ಹೊಕ್ಕವು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ.

ಈ ಕತೆ ಹೇಳುವಾಗ ಎಲ್ಲರೂ ಟ್ಯಾಂಕ್ ಬಗ್ಗೆ ಹೇಳುತ್ತಾರೆ, ಅಜ್ಜ ಮಾತ್ರ ಸೇರಿಸುವುದು ಬೇರೆ. ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅದೂ ಗುಂಡಿನ ಮಳೆ ಮಧ್ಯೆ. ಮೊದಲು ದಾರಿ, ಆಮೇಲೆ ಟ್ಯಾಂಕ್. ತಿಮ್ಮಯ್ಯ ಯುದ್ಧ ಗೆದ್ದದ್ದು ಆ ಕ್ರಮದಲ್ಲಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಬ್ರಿಗೇಡ್ ನಡೆಸಿದ್ದ ಮನುಷ್ಯ, ಕೊರಿಯಾದಲ್ಲಿ ಯುದ್ಧ ಕೈದಿಗಳ ವಾಪಸಾತಿಯ ತಟಸ್ಥ ಆಯೋಗದ ಅಧ್ಯಕ್ಷರಾಗಿ ಚೀನಾದ ಸೈನಿಕ ಅಧಿಕಾರಿಗಳನ್ನು ತೀರಾ ಹತ್ತಿರದಿಂದ ನೋಡಿದ್ದವರು. ಮೂರು ವಾರದ ನಡಿಗೆ ಅಂದ ತಕ್ಷಣ ಅವರಿಗೆ ಇಪ್ಪತ್ತೈದು ಹಣ್ಣಿನ ಲೆಕ್ಕ ಹೊಳೆಯದೆ ಇರುತ್ತಾ?

ಆಗಸ್ಟ್ 31, ಸೆಪ್ಟೆಂಬರ್ 1, ಸೆಪ್ಟೆಂಬರ್ 2

ಈಗ ದೆಹಲಿಗೆ ಬರೋಣ. ಕೃಷ್ಣ ಮೆನನ್ 1957ರಿಂದ ರಕ್ಷಣಾ ಸಚಿವರು. ಅವರಿಗೆ ಮುಖ್ಯ ಶತ್ರು ಪಾಕಿಸ್ತಾನ, ಚೀನಾದ ಜೊತೆ ಯುದ್ಧ ಆಗುತ್ತದೆ ಅನ್ನುವ ಮಾತನ್ನೇ ಅವರು ನಂಬಲಿಲ್ಲ. ಜೊತೆಗೆ ಬಡ್ತಿ ವಿಷಯದಲ್ಲಿ ಕೈಹಾಕುತ್ತಾರೆ, ಕೆಳಗಿನ ಅಧಿಕಾರಿಗಳ ಜೊತೆ ನೇರ ವ್ಯವಹಾರ ಇಟ್ಟುಕೊಳ್ಳುತ್ತಾರೆ ಅನ್ನುವುದು ಸೇನಾ ಮುಖ್ಯಸ್ಥರ ದೂರು. ಸೇನಾ ಅಧಿಕಾರಿ ಬಿ.ಎಂ. ಕೌಲ್ ಅವರ ಬಡ್ತಿ ಆಗ ದೊಡ್ಡ ಮಾತಾಗಿತ್ತು. ತಿಮ್ಮಯ್ಯ ಇದನ್ನೆಲ್ಲ ನೆಹರೂ ಹತ್ತಿರ ಹೇಳಿದರು. ನೆಹರೂ ಅದನ್ನು ಮೆನನ್ ಹತ್ತಿರ ಮಾತಾಡಿದರು. ತಮ್ಮನ್ನು ದಾಟಿ ಪ್ರಧಾನಿ ಹತ್ತಿರ ಹೋದದ್ದಕ್ಕೆ ಮೆನನ್ ತಿಮ್ಮಯ್ಯನವರ ಮೇಲೆ ಹರಿಹಾಯ್ದರು. ಆಗಸ್ಟ್ 31ರಂದು ತಿಮ್ಮಯ್ಯ, ಈ ಸಚಿವರ ಕೆಳಗೆ ಕೆಲಸ ಮಾಡುವುದು ಸಾಧ್ಯವಿಲ್ಲ ಅಂತ ರಾಜೀನಾಮೆ ಬರೆದರು. ಅದೇ ದಿನ ನೆಹರೂ ಕರೆಸಿ ಮಾತಾಡಿ, ವಾಪಸ್ ಪಡೆಯಲು ಒಪ್ಪಿಸಿದರು.

ಸೆಪ್ಟೆಂಬರ್ 1ಕ್ಕೆ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ದಿನ ಪಾಕಿಸ್ತಾನದ ಅಧ್ಯಕ್ಷ ಆಯೂಬ್ ಖಾನ್ ಢಾಕಾಗೆ ಹೋಗುತ್ತಾ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿದು ನೆಹರೂ ಅವರನ್ನು ಭೇಟಿ ಮಾಡಿದರು. ಆ ಆಯೂಬ್ ಯಾರು? ಹನ್ನೊಂದು ತಿಂಗಳ ಹಿಂದೆ, 1958ರ ಅಕ್ಟೋಬರಿನಲ್ಲಿ, ಸೇನೆಯ ಬಲದಿಂದ ಅಧಿಕಾರ ಹಿಡಿದ ಜನರಲ್. ಪಕ್ಕದ ದೇಶದಲ್ಲಿ ಹಾಗೆ ಆಗಿದೆ, ಬರ್ಮಾದಲ್ಲೂ ಅದೇ ಹೊತ್ತಿಗೆ ಜನರಲ್ ಒಬ್ಬರ ಕೈಗೆ ಸರ್ಕಾರ ಹೋಗಿದೆ. ಇಲ್ಲಿ ಜನಪ್ರಿಯ ಸೇನಾ ಮುಖ್ಯಸ್ಥರೊಬ್ಬರು ಸಚಿವರ ಮೇಲೆ ಬೇಸರಪಟ್ಟು ಪತ್ರ ಕೊಟ್ಟಿದ್ದಾರೆ. ಆ ದಿನ ನೆಹರೂ ಅವರ ತಲೆಯಲ್ಲಿ ಏನು ಓಡಿರಬಹುದು ಅಂತ ಊಹಿಸುವುದು ಕಷ್ಟ ಅಲ್ಲ. ಕೊಡಗಿನವರು ನೆಹರೂ ಮೇಲೆ ಸಿಟ್ಟು ಮಾಡಿಕೊಳ್ಳುವಾಗ ಈ ತಾರೀಖು ಮರೆಯಬಾರದು.

ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ ಮಾತಾಡಿದರು. ಚುನಾಯಿತ ಸರ್ಕಾರದ ಅಧಿಕಾರವೇ ಮೇಲೆ, ಅದು ಮೇಲೇ ಇರಬೇಕು ಅಂದರು. ಅದು ಸರಿ. ಆದರೆ ರಾಜೀನಾಮೆಯ ಕಾರಣಗಳು ತೀರಾ ಸಣ್ಣವು, ಸ್ವಭಾವಗಳು ಹೊಂದದೆ ಬಂದದ್ದು ಅನ್ನುವ ಅರ್ಥದಲ್ಲೂ ಹೇಳಿದರು. ಎರಡು ದಿನದ ಹಿಂದೆ ತಾವೇ ಸಮಾಧಾನ ಮಾಡಿ ಉಳಿಸಿಕೊಂಡವರನ್ನು ಈಗ ಎಲ್ಲರೆದುರು ಚಿಕ್ಕವರನ್ನಾಗಿ ಮಾಡಿದರು. ತಿಮ್ಮಯ್ಯ ಉತ್ತರ ಕೊಡುವ ಹಾಗಿರಲಿಲ್ಲ, ಸಮವಸ್ತ್ರದಲ್ಲಿದ್ದವರು. ಅವರು ಆ ಕುರ್ಚಿಯಲ್ಲಿ ಇನ್ನೂ ಒಂದು ವರ್ಷ ಎಂಟು ತಿಂಗಳು ಕೂತರು, 1961ರ ಮೇವರೆಗೆ. ಆ ದಿನದ ನಂತರ ಅವರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಬೇಕು. ನಮ್ಮ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ತಿಮ್ಮಯ್ಯ ವಾಪಸ್ ಪಡೆದದ್ದು ತಪ್ಪು ಅಂತ ಬಹಳ ಜನ ಹೇಳುತ್ತಾರೆ. ನನಗೆ ಅನ್ನಿಸುವುದು, ಅವರು ಯಾವ ವಿಷಯದ ಮೇಲೆ ಕೊಟ್ಟರೋ ಅದರಲ್ಲೇ ಎಡವಿದರು. ಬಡ್ತಿ, ಸಚಿವರ ನಡತೆ, ಮೇಲಿನ ನಿರ್ದೇಶನ ಇವೆಲ್ಲ ನಿಜವಾದ ದೂರುಗಳೇ. ಆದರೆ ಅವು ಇಬ್ಬರ ಜಗಳದ ಹಾಗೆ ಕಾಣುತ್ತವೆ. ಹಾಗೆ ಕಂಡದ್ದನ್ನು ನೆಹರೂ ಸುಲಭವಾಗಿ ಸಣ್ಣದು ಅಂತ ತಳ್ಳಿಬಿಟ್ಟರು. ಅದೇ ಪತ್ರದಲ್ಲಿ, "ಮೂರು ದಿನದ ಹಿಂದೆ ನನ್ನ ಕೈಗೆ ಕೊಟ್ಟ ಗಡಿಯಲ್ಲಿ ಠಾಣೆಗಳು ರಸ್ತೆಯಿಂದ ಮೂರು ವಾರ ದೂರ ಇವೆ, ರಸ್ತೆ ಆಗುವವರೆಗೆ ಅವನ್ನು ಕಾಯುತ್ತೇನೆ ಅಂತ ಮಾತು ಕೊಡಲು ನನ್ನಿಂದ ಆಗದು" ಅಂತ ಬರೆದಿದ್ದರೆ? ಅದನ್ನು ಸ್ವಭಾವದ ತೊಂದರೆ ಅಂತ ಯಾವ ಪ್ರಧಾನಿಯೂ ಸಂಸತ್ತಿನಲ್ಲಿ ಹೇಳಲು ಆಗುತ್ತಿರಲಿಲ್ಲ, ಯಾಕೆಂದರೆ ಆ ಮೂರು ವಾರದ ಲೆಕ್ಕ ಅದೇ ಸಂಸತ್ತಿನಲ್ಲಿ ಅವರ ಬಾಯಿಂದಲೇ ಬಂದಿತ್ತು. ಜೋಜಿ ಲಾದಲ್ಲಿ ನೆಲ ಆರಿಸಿ ಹೋರಾಡಿದವರು ದೆಹಲಿಯಲ್ಲಿ ಎದುರಾಳಿಗೆ ಅನುಕೂಲವಾದ ನೆಲದಲ್ಲಿ ನಿಂತರು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಕ್ಟೋಬರ್ 21

ಎರಡು ತಿಂಗಳೊಳಗೆ ಲಡಾಖ್‌ನ ಕೊಂಗ್ಕಾ ಲಾ ಹತ್ತಿರ ಅದೇ ಕತೆ ಇನ್ನೂ ಕೆಟ್ಟದಾಗಿ ಮರುಕಳಿಸಿತು. ಹಾಟ್ ಸ್ಪ್ರಿಂಗ್ಸ್‌ನಿಂದ ಕಾಣೆಯಾದವರನ್ನು ಹುಡುಕಿಕೊಂಡು ಹೋದ ಪೊಲೀಸ್ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. ಹತ್ತು ಪೊಲೀಸರು ಸತ್ತರು, ತಂಡದ ಮುಖ್ಯಸ್ಥ ಕರಮ್ ಸಿಂಗ್ ಸೇರಿ ಹಲವರು ಸೆರೆಯಾದರು. ಮತ್ತೆ ನೋಡಿ, ಸೈನಿಕರಲ್ಲ, ಪೊಲೀಸರು. ಪ್ರತಿ ವರ್ಷ ಅಕ್ಟೋಬರ್ 21ರಂದು ದೇಶದ ಎಲ್ಲ ಜಿಲ್ಲೆಗಳ ಹಾಗೆ ಮಡಿಕೇರಿಯಲ್ಲೂ ಪೊಲೀಸ್ ಹುತಾತ್ಮರ ದಿನ ನಡೆಯುತ್ತದಲ್ಲ, ಅದು ಇವರ ನೆನಪಿಗೆ. ಅಲ್ಲಿ ಹೂಗುಚ್ಛ ಇಡುವುದನ್ನು ನೋಡಿದ ನನ್ನ ಮಕ್ಕಳಲ್ಲಿ ಒಬ್ಬರಿಗೂ ಅದರ ಮೂಲ ಗೊತ್ತಿರಲಿಲ್ಲ.

ಇದಾದ ಮೇಲೆ ಲಡಾಖ್ ಗಡಿಯೂ ಸೇನೆಗೆ ಬಂತು. ಪಂಜಾಬಿನ ಬಯಲಿನಲ್ಲಿದ್ದ 4ನೇ ಡಿವಿಷನ್ನನ್ನು ನೆಫಾಗೆ ಕಳಿಸಿದರು. ನವೆಂಬರ್ 7ರಂದು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಎರಡೂ ಕಡೆ ತಲಾ 20 ಕಿಲೋಮೀಟರ್ ಹಿಂದಕ್ಕೆ ಸರಿಯೋಣ ಅಂತ ಬರೆದರು. ಪಶ್ಚಿಮದಲ್ಲಿ ಅವರು ಆಗಲೇ ರಸ್ತೆ ಹಾಕಿಕೊಂಡಿದ್ದರಿಂದ ಅದು ಸಮಾನ ಸರಿಯುವಿಕೆ ಆಗಿರಲಿಲ್ಲ, ಭಾರತ ಒಪ್ಪಲಿಲ್ಲ. 1960ರ ಏಪ್ರಿಲ್‌ನಲ್ಲಿ ಅವರು ದೆಹಲಿಗೆ ಬಂದು ಹೋದರು, ಏನೂ ಆಗಲಿಲ್ಲ.

ಸೇನೆಯ ಒಳಗೆ ಒಂದು ಒಳ್ಳೆಯ ಕೆಲಸ ನಡೆದಿತ್ತು. ಪೂರ್ವ ವಲಯದ ಮುಖ್ಯಸ್ಥ ಎಸ್.ಪಿ.ಪಿ. ಥೋರಟ್ 1959ರ ಅಕ್ಟೋಬರಿನಲ್ಲೇ ಒಂದು ಯೋಜನೆ ಕಳಿಸಿದರು. ಗಡಿಯಂಚಿನ ಠಾಣೆಗಳು ಬರೀ ಎಚ್ಚರಿಕೆಯ ಗಂಟೆ ಇದ್ದ ಹಾಗೆ, ನಿಜವಾದ ಹೋರಾಟ ಹಿಂದೆ, ನಮಗೆ ರಸ್ತೆ ಇರುವ, ಶತ್ರುವಿಗೆ ದೂರ ಆಗುವ ನೆಲದಲ್ಲಿ ಅನ್ನುವುದು ಅದರ ಹುರುಳು. 1960ರ ಮಾರ್ಚ್‌ನಲ್ಲಿ ಲಕ್ನೋದಲ್ಲಿ 'ಲಾಲ್ ಕಿಲಾ' ಅನ್ನುವ ಹೆಸರಿನ ಅಭ್ಯಾಸದಲ್ಲಿ ಇದನ್ನು ಆಡಿಸಿ ನೋಡಿದರು. ತಿಮ್ಮಯ್ಯನವರಿಗೆ ಒಪ್ಪಿಗೆ ಇತ್ತು. 1960ರ ಮೇ 7ರಂದು ಗಡಿ ರಸ್ತೆಗಳ ಸಂಸ್ಥೆ ಹುಟ್ಟಿತು. ಕೊನೆಗೂ ದಾರಿ ಮೊದಲು ಅನ್ನುವ ಮಾತು ಕಾಗದಕ್ಕೆ ಬಂತು. ಆದರೆ ಹಿಮಾಲಯದಲ್ಲಿ ರಸ್ತೆ ಅಂದರೆ ಎರಡು ಮಳೆಗಾಲದಲ್ಲಿ ಮುಗಿಯುವಂಥದ್ದಲ್ಲ. ನಮ್ಮ ಮಡಿಕೇರಿ ಸಂಪಾಜೆ ಘಾಟಿಯೇ 2018ರ ಮಳೆಗೆ ಏನಾಯಿತು ಅಂತ ನೋಡಿದ್ದೇವೆ.

ತಮ್ಮ ನಂತರ ಥೋರಟ್ ಬರಲಿ ಅನ್ನುವುದು ತಿಮ್ಮಯ್ಯನವರ ಶಿಫಾರಸು. ಬಂದವರು ಪಿ.ಎನ್. ಥಾಪರ್. 1961ರ ನವೆಂಬರಿನಲ್ಲಿ ಮುಂದಕ್ಕೆ ಹೋಗಿ ಠಾಣೆ ಇಡುವ ನೀತಿ ಬಂತು. ಥೋರಟ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. 1962ರ ಜೂನ್‌ನಲ್ಲಿ ನೆಫಾದ ನಾಮ್ಕಾ ಚೂ ನದಿಯ ಹತ್ತಿರ ಧೋಲಾ ಠಾಣೆ ಇಟ್ಟರು. ಇಟ್ಟವರು ಮತ್ತೆ ಅಸ್ಸಾಂ ರೈಫಲ್ಸ್. ಸೆಪ್ಟೆಂಬರ್ 8ರಂದು ಚೀನಾದವರು ಅದನ್ನು ಸುತ್ತುವರಿದರು. ಅದನ್ನು ಉಳಿಸಲು 7ನೇ ಬ್ರಿಗೇಡನ್ನು ಓಡಿಸಿದರು, ಬೇಸಿಗೆಯ ಬಟ್ಟೆಯಲ್ಲಿ, ಪ್ಯಾರಾಚೂಟ್ ಮೂಟೆಗಳನ್ನು ನಂಬಿಕೊಂಡು. ಅಕ್ಟೋಬರ್ 20ರ ಬೆಳಿಗ್ಗೆ ಆ ಬ್ರಿಗೇಡ್ ಕೆಲವೇ ಗಂಟೆಗಳಲ್ಲಿ ಒಡೆದು ಹೋಯಿತು. ಬ್ರಿಗೇಡಿಯರ್ ಜಾನ್ ದಳವಿ ಸೆರೆಯಾದರು. ಲೋಂಗ್ಜು ಹನ್ನೆರಡು ಜನರಿಗೆ ಕಲಿಸಿದ್ದ ಪಾಠವನ್ನು ಧೋಲಾ ಒಂದು ಇಡೀ ಬ್ರಿಗೇಡಿಗೆ ಕಲಿಸಿತು.

ಅದಕ್ಕೆ ಮೂರು ತಿಂಗಳ ಹಿಂದೆ, 1962ರ ಜುಲೈನಲ್ಲಿ, ನಿವೃತ್ತ ತಿಮ್ಮಯ್ಯ ಒಂದು ಮಾಸಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಸೈನಿಕನಾಗಿ ಹೇಳಬೇಕೆಂದರೆ ಭಾರತ ಒಂಟಿಯಾಗಿ ಚೀನಾವನ್ನು ಬಯಲು ಯುದ್ಧದಲ್ಲಿ ಎದುರಿಸುವುದನ್ನು ಊಹಿಸಲಾರೆ, ಅದನ್ನು ತಡೆಯುವ ಕೆಲಸ ರಾಜಕಾರಣಿಗಳದು ಮತ್ತು ರಾಯಭಾರಿಗಳದು ಅನ್ನುವುದು ಅದರ ಸಾರ. ಈ ಮಾತನ್ನು ಅವರು 1959ರ ಸೆಪ್ಟೆಂಬರಿನಲ್ಲಿ, ಇಡೀ ದೇಶ ಅವರ ಕಡೆ ಕಿವಿಗೊಟ್ಟಿದ್ದಾಗ ಹೇಳಬೇಕಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಅವರು 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದರು, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಐವತ್ತೊಂಬತ್ತೇ ವರ್ಷ.

ಇದೇ ಕತೆ ನೀರಿನ ಮೇಲೆ

ಇದು ಬೆಟ್ಟದ ಕತೆ ಮಾತ್ರ ಅಂದುಕೊಂಡಿದ್ದೆ, ಅಲ್ಲ. ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸ್ 1999ರಲ್ಲಿ ಸಿಯೆರಾ ಮಾದ್ರೆ ಅನ್ನುವ ಹಳೇ ಹಡಗನ್ನು ಸೆಕೆಂಡ್ ಥಾಮಸ್ ದಿಬ್ಬದ ಮೇಲೆ ಬೇಕೆಂದೇ ಹತ್ತಿಸಿ ನಿಲ್ಲಿಸಿತು. ತುಕ್ಕು ಹಿಡಿದ ಆ ಹಡಗಿನಲ್ಲಿ ಕೆಲವು ನಾವಿಕ ಸೈನಿಕರು ಕೂತಿದ್ದಾರೆ, ಅದೇ ಅವರ ಠಾಣೆ. ಅವರ ಅಕ್ಕಿ ನೀರು ಬರುವುದು ದೋಣಿಯಲ್ಲಿ. ಚೀನಾ ಅಲ್ಲಿ ಯುದ್ಧನೌಕೆಯಿಂದ ಗುಂಡು ಹಾರಿಸಲಿಲ್ಲ. 2023 ಮತ್ತು 2024ರಲ್ಲಿ ಕರಾವಳಿ ಕಾವಲು ಪಡೆಯ ಬಿಳಿ ಹಡಗುಗಳಿಂದ ಆ ದೋಣಿಗೆ ಅಡ್ಡ ಬಂದು ರಭಸದ ನೀರು ಹಾರಿಸಿತು. ಅಂತರರಾಷ್ಟ್ರೀಯ ನ್ಯಾಯಮಂಡಳಿ 2016ರ ಜುಲೈ 12ರಂದು ಫಿಲಿಪ್ಪೀನ್ಸ್ ಪರ ತೀರ್ಪು ಕೊಟ್ಟಿತು, ಆದರೆ ಆ ತೀರ್ಪಿನಿಂದ ದೋಣಿಗೆ ದಾರಿ ತೆರೆಯಲಿಲ್ಲ. ಅಜ್ಜನಿಗೆ ಇದರ ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, "ಇದು ಲಿಮೆಕಿಂಗ್ ದಾರಿನೇ, ನೀರಿನ ಮೇಲೆ ಹಾಕಿದ್ದಾರೆ" ಅಂದರು.

ಈಗ ಲೋಂಗ್ಜು

ಲೋಂಗ್ಜು ಇವತ್ತಿಗೂ ಚೀನಾದ ಹಿಡಿತದಲ್ಲಿದೆ. 2021ರ ಜನವರಿಯಲ್ಲಿ ಅದೇ ಭಾಗದಲ್ಲಿ, ತ್ಸಾರಿ ಚೂ ನದಿಯ ದಡದಲ್ಲಿ ಚೀನಾ ಕಟ್ಟಿರುವ ಸುಮಾರು ನೂರು ಮನೆಗಳ ಒಂದು ಹೊಸ ಹಳ್ಳಿ ಉಪಗ್ರಹ ಚಿತ್ರಗಳಲ್ಲಿ ಕಂಡಿತು. 1959ರಲ್ಲಿ ಹನ್ನೆರಡು ಜನರ ಕಾವಲಿಗೆ ಊಟ ಸಾಗಿಸಲು ಆಗದ ಕಣಿವೆಯಲ್ಲಿ ಆಚೆ ಕಡೆಯಿಂದ ಸಿಮೆಂಟ್, ಕಬ್ಬಿಣ, ಗಾಜು ಎಲ್ಲ ಬಂದು ಇಳಿದಿದೆ.

ಈಚೆ ಕಡೆಯೂ ಕೆಲಸ ನಿಂತಿಲ್ಲ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಮಧ್ಯೆ, ಗಡಿ ರಸ್ತೆಗಳ ಸಂಸ್ಥೆಯವರು ದಾಪೊರಿಜೊದಲ್ಲಿ ಸುಬನ್ಸಿರಿ ನದಿಗೆ 430 ಅಡಿಯ ಬೈಲಿ ಸೇತುವೆಯನ್ನು (ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವಂಥದ್ದು) 27 ದಿನದಲ್ಲಿ ಎಬ್ಬಿಸಿದರು. ಹಳೇ ಸೇತುವೆ ತಾಳುತ್ತಿದ್ದದ್ದು 24 ಟನ್, ಹೊಸದು 40 ಟನ್. ಲಿಮೆಕಿಂಗ್ ಕಡೆಗೆ ಹೋಗುವ ಲಾರಿಗಳು ದಾಟುವುದು ಅಲ್ಲೇ. ಎರಡು ತಿಂಗಳ ನಂತರ ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತರು. ಅಲ್ಲೂ ಜಗಳದ ಹಿಂದೆ ಇದ್ದದ್ದು ಒಂದು ರಸ್ತೆ, ದೌಲತ್ ಬೇಗ್ ಓಲ್ಡಿಗೆ ಹೋಗುವ 255 ಕಿಲೋಮೀಟರ್ ರಸ್ತೆ. ಈ ಸಲ ರಸ್ತೆ ನಮ್ಮದು, ತಕರಾರು ಅವರದು.

ಮುಂದಿನ ಭಾನುವಾರ ಆ ಸೋಮವಾರಪೇಟೆ ಹುಡುಗಿಯನ್ನು ಅಜ್ಜನ ಕಣಕ್ಕೆ ಕರೆದುಕೊಂಡು ಹೋದೆ. ಅವಳು ತನ್ನ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ಅಜ್ಜ ಉತ್ತರ ಹೇಳಲಿಲ್ಲ, ಅವಳ ಕೈಗೆ ಇಪ್ಪತ್ತೈದು ಹಣ್ಣು ಎಣಿಸಿ ಕೊಟ್ಟರು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ದಾಪೊರಿಜೊ, ಲಿಮೆಕಿಂಗ್, ಲೋಂಗ್ಜು ಅಂತ ಮೂರು ಚುಕ್ಕಿ ಹಾಕಿದರು. "ಶುರು ಮಾಡು," ಅಂದರು, "ದಿನಕ್ಕೆ ಒಂದು."